ವರಾಂಡದ ಕುಂಡಗಳಿಗೆಲ್ಲ ವಿನಿಯೇ ದಿಕ್ಕು

ಪ್ರೆಸ್ಟನ್ ಊರಿನ ಆಲ್ಡರ್ ಕೋರ್ಟ್ ಎಂಬ ವಸತಿ ಕಟ್ಟಡದಲ್ಲಿ ಇನ್ನೂ ಬೆಳಗಿನ ಚಹಾದ ಹೊತ್ತಾಗಿಲ್ಲ. ಮೂರನೇ ಮಹಡಿಯ ವರಾಂಡ ಒರೆಸುತ್ತಿರುವ ವಿನಿ ಥ್ರೆಲ್‌ಫಾಲ್ ಮಾಪನ್ನು ಗೋಡೆಗೆ ಒರಗಿಸಿ, ಹಿಲ್ಡಾ ಗ್ರಿಮ್‌ಶಾ ಅವರ ಕುಂಡದ ಸ್ವೀಟ್ ಪೀ ಹೂಬಳ್ಳಿಯಿಂದ ಎಳೆಗಾಯಿಗಳನ್ನು ಚಿವುಟುತ್ತಾರೆ. ಬಾಗಿಲು ಓರೆಯಾಗಿ ತೆರೆಯುತ್ತದೆ.

"ಏನೇ ವಿನಿ, ಬೆಳಬೆಳಗ್ಗೇನೇ ಕಳ್ಳತನ?"

"ಕಾಯಿ ಕಟ್ಟಿದ್ರೆ ಬಳ್ಳಿ ತನ್ನ ಕೆಲ್ಸ ಮುಗೀತು ಅಂತ ಹೂ ಬಿಡೋದೇ ನಿಲ್ಲಿಸ್ಬಿಡುತ್ತೆ, ಹಿಲ್ಡಾ. ದಿನಾ ಹೂ ಕುಯ್ಯಿ ಅಂತ ಎಷ್ಟು ಸಲ ಬಡ್ಕೊಂಡೆ!"

"ಅಷ್ಟು ಚೆಂದ ಇರೋದನ್ನ ಕುಯ್ಯೋಕೆ ಮನಸ್ಸು ಬರಲ್ಲ ಕಣೇ."

"ಹಾಗಾದ್ರೆ ಕಾಯಿ ನೋಡ್ಕೊಂಡು ಕೂತಿರು. ಪಲ್ಯ ಮಾಡೋಕೂ ಬರಲ್ಲ, ವಿಷ ಅದು."

ಒಂಟಿಯಾಗಿರುವ ಹಿರಿಯರ ಈ ಕಟ್ಟಡಕ್ಕೆ ವಿನಿ ಕಸ ಗುಡಿಸಲು ಬಂದು ಇಪ್ಪತ್ತು ವರ್ಷವಾಯಿತು. ಅದಕ್ಕೆ ಮೊದಲು ಬಿಸ್ಕತ್ತು ಕಾರ್ಖಾನೆಯಲ್ಲಿದ್ದರು. ಅದು ಬಾಗಿಲು ಹಾಕಿದ ವರ್ಷವೇ ಗಂಡ ತೀರಿಕೊಂಡರು. ನಾಲ್ಕು ಮಹಡಿಗಳ ಮೆಟ್ಟಿಲು ಒರೆಸಿ ಒರೆಸಿ ಈಗ ಮಂಡಿ ಮಾತು ಕೇಳುವುದಿಲ್ಲ. ಅವರ ಸ್ವಂತ ಮನೆಯ ಕಿಟಕಿ ಬಸ್ ಡಿಪೋದ ಗೋಡೆಗೆ ಮುಖ ಮಾಡಿದೆ, ಬಿಸಿಲು ಸುಳಿಯುವುದಿಲ್ಲ. ಅಪ್ಪ ಹಿತ್ತಲಿನ ತಗಡಿನ ತೊಟ್ಟಿಯಲ್ಲಿ ಬೆಳೆಸುತ್ತಿದ್ದ ಸ್ವೀಟ್ ಪೀಯ ಆಸೆಯನ್ನು ಅವರು ಇಲ್ಲಿಯ ಕುಂಡಗಳಲ್ಲಿ ತೀರಿಸಿಕೊಳ್ಳುತ್ತಾರೆ.

ಬುಡದೆಲೆ ಒಣಗಿದರೆ ಕುಂಡ ಆಳ ಸಾಲದು ಎನ್ನುತ್ತಾರೆ. ಎಲೆಯ ಮೇಲೆ ಬಿಳಿ ಪುಡಿ ಕಂಡರೆ ಗಾಳಿಯಾಡುವಂತೆ ಬಳ್ಳಿಗಳನ್ನು ಬಿಡಿಸಿ ಕಟ್ಟುತ್ತಾರೆ. ಹೇನು ಹತ್ತಿದರೆ ಸೋಪಿನ ನೀರು ಮುಟ್ಟಿಸಿ ಬೆರಳಲ್ಲೇ ಒರೆಸುತ್ತಾರೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಕೊಡಲು ಬಂದವರಿಗೆ ಬೈಗುಳ ತಪ್ಪಿದ್ದಲ್ಲ.

ಇಷ್ಟೆಲ್ಲ ಬಲ್ಲ ವಿನಿಯೂ ಕಳೆದ ಬೇಸಿಗೆಯಲ್ಲಿ ಕಂಗಾಲಾಗಿದ್ದರು. ವರಾಂಡದ ಕೊನೆಯ ಮನೆಯ ಆಂಬ್ರೋಸ್ ಕಿರ್ಕಮ್ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದ ಮನುಷ್ಯ, ಮಾತು ಕಡಿಮೆ. ನರ್ಸ್‌ಗಳು ಎಷ್ಟು ಹೇಳಿದರೂ ಎದ್ದು ನಡೆಯಲು ಒಪ್ಪಲಿಲ್ಲ. "ಆ ಮನೆ ಬಿಟ್ಬಿಡ್ತೀನಿ ವಿನಿ, ವೃದ್ಧಾಶ್ರಮಕ್ಕೆ ಹೋಗ್ತೀನಿ. ಆಲ್ಡರ್ ಕೋರ್ಟಲ್ಲಿ ನನ್ನನ್ನ ಕೇಳೋರು ಯಾರಿದಾರೆ?" ಎಂದುಬಿಟ್ಟರು. ಕೇಳಿದ್ದು ಒಂದೇ, ತಮ್ಮ ಕುಂಡದ ಮೊದಲ ಹೂವು. ತರುತ್ತೇನೆಂದು ವಿನಿ ಮಾತು ಕೊಟ್ಟರು.

ಆದರೆ ಎಲೆಗಳು ಹಳದಿಯಾದವು, ಮೊಗ್ಗುಗಳು ಅರಳುವ ಮೊದಲೇ ಉದುರಿದವು. ವರಾಂಡಕ್ಕೆ ಮಳೆ ಬೀಳುವುದಿಲ್ಲವಲ್ಲ, ಬಾಯಾರಿರಬೇಕೆಂದು ವಿನಿ ದಿನವೂ ಒಂದು ಮಗ್ ನೀರು ಹಾಕಿದರು. ಬಳ್ಳಿ ಇನ್ನಷ್ಟು ಸೊರಗಿತು. ಕೊನೆಗೊಂದು ದಿನ ಅಡಿಯಲ್ಲಿ ಒರೆಸೋಣವೆಂದು ಕುಂಡ ಎತ್ತಲು ಹೋದರೆ ಅದು ಜಪ್ಪಯ್ಯ ಎನ್ನಲಿಲ್ಲ. ಬೆರಳಿಟ್ಟು ನೋಡಿದರೆ ಮಣ್ಣೆಲ್ಲ ಕೆಸರು, ಹುಳಿ ವಾಸನೆ.

ವಿನಿ ಮನೆ ಮನೆ ಬಾಗಿಲು ತಟ್ಟಿದರು. ಹಿಲ್ಡಾ ದಿನವೂ ಒಂದು ಚೊಂಬು ಹಾಕುತ್ತಿದ್ದರಂತೆ. "ಪಾಪ, ಅವ್ರಿಲ್ವಲ್ಲ ಅಂತ." ಪಕ್ಕದ ಮನೆಯವರು, ಎದುರು ಮೆಟ್ಟಿಲಿನವರು, ಎಲ್ಲರದೂ ಅದೇ ಉತ್ತರ. ಲಿಫ್ಟ್ ಕೆಟ್ಟಿದ್ದರೂ ಕೆಳಮಹಡಿಯ ಸಿರಿಲ್ ಕೆಟಲ್ ಹಿಡಿದು ಮೇಲೆ ಬರುತ್ತಿದ್ದರು! ಒಬ್ಬರಿಗೂ ಇನ್ನೊಬ್ಬರ ಸುದ್ದಿ ಗೊತ್ತಿಲ್ಲ. "ನನ್ನ ಮಗ್ ನೀರೂ ಸೇರ್ಸು," ಎಂದು ವಿನಿ ಈಗ ನನ್ನೆದುರು ನಗುತ್ತಾರೆ.

ಹಿಲ್ಡಾರ ಹೆಣಿಗೆ ಕಡ್ಡಿಯಿಂದ ಕುಂಡದಡಿಯ ಕಟ್ಟಿಹೋದ ತೂತು ಬಿಡಿಸಿ, ಇಟ್ಟಿಗೆಯ ಮೇಲೆ ಕೂರಿಸಿ, ಕೊಳೆತ ಎಲೆ ತೆಗೆದು, ಮಣ್ಣು ಆರುವವರೆಗೆ ಯಾರೂ ಹತ್ತಿರ ಸುಳಿಯಕೂಡದೆಂದು ಅಪ್ಪಣೆ ಮಾಡಿದರು. ತಿಂಗಳ ಕೊನೆಗೆ ಸಣಕಲು ದಂಟಿನಲ್ಲಿ ಎರಡೇ ಎರಡು ಹೂ ಬಿಟ್ಟವು.

ವಿನಿ ಆಸ್ಪತ್ರೆಗೆ ಒಯ್ದ ಅವನ್ನು ಕಂಡು ಆಂಬ್ರೋಸ್ ಹುಬ್ಬು ಗಂಟಿಕ್ಕಿದರು. "ಇಷ್ಟೇನಾ?"

ಸುಳ್ಳು ಹೇಳಲು ವಿನಿಗೆ ಮನಸ್ಸಾಗಲಿಲ್ಲ. ನಡೆದದ್ದೆಲ್ಲ ಹೇಳಿದರು. ಬೈಯುತ್ತಾರೆಂದು ಕಾದರು. ಮುದುಕ ದಿಂಬಿನಿಂದ ತಲೆಯೆತ್ತಿದರು.

"ಸಿರಿಲ್ಲೂ ಬಂದಿದ್ನಾ? ಅವ್ನಿಗೆ ಉಸಿರಾಟದ ತೊಂದ್ರೆ. ಅಷ್ಟೂ ಮೆಟ್ಲು ಹತ್ತಿದ್ನಾ?"

"ಹತ್ತಿದ್ರು. ಕೆಟಲ್ ಬೇರೆ ಕೈಲಿ."

ಆಂಬ್ರೋಸ್ ಹೂಗಳನ್ನು ಮೂಗಿಗೆ ಹಿಡಿದುಕೊಂಡೇ ಹೊದಿಕೆ ಸರಿಸಿದರು. "ನನ್ನ ಶೂ ಎಲ್ಲಿಟ್ಟಿದಾರೆ ನೋಡು, ವಿನಿ."

ಅವರೀಗ ಮನೆಯಲ್ಲಿದ್ದಾರೆ. ಊರುಗೋಲು ಹಿಡಿದು ವರಾಂಡದಲ್ಲಿ ಓಡಾಡುತ್ತಾರೆ, ವಾರಕ್ಕೊಮ್ಮೆ ಸಿರಿಲ್ ಜೊತೆ ಇಸ್ಪೀಟಾಡಿ ಜಗಳವಾಡುತ್ತಾರೆ. ಮುಂದಿನ ವರ್ಷ ವಿನಿಗೆ ನಿವೃತ್ತಿ. ಆಲ್ಡರ್ ಕೋರ್ಟಿನಲ್ಲೇ ಒಂದು ಮನೆ ಕೇಳಿದ್ದಾರೆ. ಅಲ್ಲಿ ಏನಾಸೆ ಎಂದು ನಾನು ಕೇಳಿದೆ. ಮಾಪು ಹಿಂಡುತ್ತ ಹೇಳಿದರು.

"ಒಂದು ಬಾಗ್ಲು, ಮುಂದೆ ಒಂದು ಕುಂಡ, ಸಾಕು ನಂಗೆ. ನಾನೂ ಒಂದಿನ ಆಸ್ಪತ್ರೆ ಸೇರಿದ್ರೆ, ಇವ್ರೆಲ್ಲ ಸೇರಿ ಅದನ್ನೂ ನೀರಲ್ಲಿ ಮುಳುಗಿಸ್ಲಿ."