ಪ್ರೇಮ ಚಿಕ್ಕಮ್ಮನ ಐಸು ರಸಾಯನ

ಆಗೆಲ್ಲ ಚಾಮರಾಜನಗರದ ನಮ್ಮ ಬೀದಿಯಲ್ಲಿ ಫ್ರಿಜ್ ಇದ್ದದ್ದು ಎರಡೇ ಮನೆಯಲ್ಲಿ. ಒಂದು ಡಾಕ್ಟರದು, ಇನ್ನೊಂದು ನಮ್ಮದು. ಅರಿಸಿನ ಮಂಡಿಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಮೈಸೂರಿನಿಂದ ಯಾರೋ ಬಳಸಿ ಬಿಟ್ಟದ್ದನ್ನು ತಂದು ನಡುಮನೆಯಲ್ಲಿ ನಿಲ್ಲಿಸಿದ್ದ. ಹಗಲೂ ರಾತ್ರಿ ಗೊರಗೊರ ಅನ್ನುತ್ತಿತ್ತು. ಅಜ್ಜಿ ಅದರಲ್ಲಿಟ್ಟ ಮೊಸರನ್ನೂ ಮುಟ್ಟುತ್ತಿರಲಿಲ್ಲ. ಕರೆಂಟು ಹೋದಾಗ ಒಳಗೆ ಏನೇನಾಗುತ್ತದೋ ಯಾರು ಕಂಡವರು ಅನ್ನುವುದು ಅವಳ ಅನುಮಾನ.

ಆ ಬೇಸಿಗೆಯಲ್ಲೇ ಚಿಕ್ಕಪ್ಪನ ಮದುವೆಯಾಗಿ, ಗುಂಡ್ಲುಪೇಟೆಯಿಂದ ಪ್ರೇಮ ಚಿಕ್ಕಮ್ಮ ಬಂದಳು. ಅವಳ ತಾಯಿ ವಯನಾಡಿನ ಕಡೆಯವರು. ಚಿಕ್ಕಮ್ಮನ ತಂಗಿ ಅವಳನ್ನು ನೋಡಲು ಬಂದರೆ ಇಬ್ಬರೂ ಮಲಯಾಳದಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಒಂದು ಮಾತೂ ಅರ್ಥವಾಗುತ್ತಿರಲಿಲ್ಲವಾದ್ದರಿಂದ, ಎಲ್ಲವೂ ತನ್ನನ್ನು ಕುರಿತೇ ಎಂದು ತೀರ್ಮಾನಿಸಿದ್ದಳು.

ನನಗೆ ನಾಲ್ಕನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಮಧ್ಯಾಹ್ನ ಐಸ್ ಕ್ಯಾಂಡಿಯವನ ಗಂಟೆ ಕೇಳಿದರೆ ಸಾಕು, ಬರಿಗಾಲಲ್ಲಿ ಓಡುತ್ತಿದ್ದೆ. ಚಿಕ್ಕಮ್ಮ ತಡೆದಳು. ಆ ನೀರು ಯಾವ ಕಟ್ಟೆಯದೋ, ಆ ಬಣ್ಣ ಏನೋ, ಅದಕ್ಕಿಂತ ಒಳ್ಳೆಯದನ್ನು ನಾನೇ ಮಾಡಿಕೊಡುತ್ತೇನೆ ಅಂದಳು. ಚುಕ್ಕೆ ಬಿದ್ದ ಬಾಳೆಹಣ್ಣು, ಪರಂಗಿ ಹಣ್ಣು ಹೆಚ್ಚಿ ಸ್ಟೀಲ್ ಡಬ್ಬಿಗೆ ತುಂಬಿ ಮೇಲಿನ ಐಸ್ ಖಾನೆಯಲ್ಲಿಟ್ಟಳು. ಮರುದಿನ ಕಲ್ಲಾಗಿದ್ದ ಆ ತುಂಡುಗಳನ್ನು ಮೊಸರಿನ ಜೊತೆ ಮಿಕ್ಸಿಗೆ ಹಾಕಿದರೆ ಮನೆಯೆಲ್ಲ ಕಟಕಟ ಸದ್ದು. ಸಕ್ಕರೆ ಹಾಕುತ್ತಿರಲಿಲ್ಲ. ಹಣ್ಣಿನ ಸಿಹಿಯೇ ಮೈಗೆ ಒಳ್ಳೆಯದು ಅನ್ನುತ್ತಿದ್ದಳು. ಕೊನೆಗೆ ಒಂದು ಬಟ್ಟಲಿನಿಂದ ನೆನೆದ ಕಾಳು ಹಾಕಿ ಕಲಸುತ್ತಿದ್ದಳು. ಲೋಳೆಯೊಳಗೆ ಕಪ್ಪು ಕಣ್ಣಿದ್ದಂಥ ಕಾಳು, ನಾಲಿಗೆ ಮೇಲೆ ಜಾರುತ್ತಿತ್ತು. ಏನದು ಎಂದರೆ ಹೊಟ್ಟೆಗೆ ತಂಪು ಅಂದಳು ಅಷ್ಟೇ. ಚಿಕ್ಕಪ್ಪ ಅದಕ್ಕೆ ಐಸು ರಸಾಯನ ಎಂದು ಹೆಸರಿಟ್ಟ. ತಣ್ಣನೆಯದು ಗಂಟಲಿಳಿದು ಹಣೆ ಸಿಡಿಯುತ್ತಿತ್ತು. ಆದರೂ ಲೋಟ ಬಿಡಲು ಮನಸ್ಸಾಗುತ್ತಿರಲಿಲ್ಲ.

ಬೆಲ್ಲ ಸಾಲ ಕೇಳಲೆಂದು ಬಟ್ಟಲು ಹಿಡಿದು ಬಂದ ಪಕ್ಕದ ಮನೆ ಗೌರಮ್ಮ ಒಂದು ದಿನ ನನ್ನ ಲೋಟಕ್ಕೆ ಇಣುಕಿದಳು. ಆಮೇಲೆ ಜಗಲಿಯಲ್ಲಿ ಅಜ್ಜಿಯ ಕಿವಿಗೆ ಬಾಯಿಟ್ಟದ್ದು ನನಗೂ ಕೇಳಿಸಿತು.

"ಆ ಕಡೆಯವ್ರು ಮದ್ದು ಇಕ್ತಾರೆ ಕಣವ್ವ. ನೋಡ್ಕೊ, ಮಗು ಇಳಿದೋಗದೆ."

ಮದ್ದು ಎಂದರೆ ಔಷಧಿಯಲ್ಲ. ಊಟದಲ್ಲಿ ಕಲಸಿಕೊಟ್ಟರೆ ತಿಂದವರು ಸೊರಗಿ, ಕೊಟ್ಟವರ ಮಾತಿಗೆ ಬೀಳುತ್ತಾರೆ ಎಂದು ನಮ್ಮ ಕಡೆ ನಂಬುತ್ತಿದ್ದರು. ನಾನು ಹುಟ್ಟಿನಿಂದಲೇ ಕಡ್ಡಿ. ಆದರೆ ಅಂದಿನಿಂದ ಅಜ್ಜಿ ನನ್ನ ಕೈ ಹಿಡಿದು ಹಿಡಿದು ನೋಡತೊಡಗಿದಳು. ಅಡುಗೆಮನೆ ಬಾಗಿಲಿಗೇ ಮಣೆ ಹಾಕಿ ಕೂತಳು. ಚಿಕ್ಕಮ್ಮ ಫ್ರಿಜ್ ತೆಗೆದರೆ ಕುತ್ತಿಗೆ ಉದ್ದವಾಗುತ್ತಿತ್ತು. ಒಂದು ದಿನ ಅಜ್ಜಿಗೆ ಅಕ್ಕಿ ಡಬ್ಬದ ಹಿಂದೆ ಕಾಗದದ ಪೊಟ್ಟಣವೊಂದು ಸಿಕ್ಕಿತು. ಒಳಗೆ ಎಳ್ಳಿಗಿಂತ ಸಣ್ಣ ಕರಿ ಕಾಳು. ಅದನ್ನು ಹಾಗೇ ಇಟ್ಟು, ಅಮ್ಮನಿಗೆ ಮಾತ್ರ ಹೇಳಿದಳು. ಅಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನನ್ನನ್ನು ಕರೆದು, ಚಿಕ್ಕಮ್ಮ ಕೊಟ್ಟರೆ ಆಮೇಲೆ ಕುಡಿಯುತ್ತೇನೆ ಎಂದು ಹೇಳಿ ಗಿಡಕ್ಕೆ ಸುರಿದುಬಿಡು ಅಂದಳು.

ನನಗೂ ಹೆದರಿಕೆ ಹತ್ತಿತು. ಚಿಕ್ಕಮ್ಮ ತಲೆ ಬಾಚುವಾಗ ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಆದರೂ ನಾಲಿಗೆ ಕೇಳಬೇಕಲ್ಲ. ಹಿತ್ತಲ ಬಾಗಿಲ ಮರೆಯಲ್ಲಿ ಅರ್ಧ ಕುಡಿದು ಅರ್ಧ ಸುರಿಯುತ್ತಿದ್ದೆ.

ಒಂದು ಶನಿವಾರ ಗೆಳತಿಯರ ಜೊತೆ ಉಪ್ಪು ಕಾರದಲ್ಲಿ ಅದ್ದಿ ಮಾವಿನಕಾಯಿ ತಿಂದಿದ್ದೆ. ರಾತ್ರಿಯೆಲ್ಲ ಹೊಟ್ಟೆ ನುಲಿಯಿತು. ಬೆಳಿಗ್ಗೆ ಸ್ವಲ್ಪ ಸುಧಾರಿಸಿದ್ದೆ. ಚಿಕ್ಕಮ್ಮ ಪಾಪ ಎಂದು ಐಸು ರಸಾಯನ ಕೊಟ್ಟಳು, ಕುಡಿದೆ. ಅಷ್ಟರಲ್ಲಿ ಅಜ್ಜಿ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. ದೇವಸ್ಥಾನಕ್ಕೆಂದು ಎಲ್ಲರಿಗೂ ಹೇಳಿ, ನನ್ನನ್ನು ಉಮ್ಮತ್ತೂರಿನ ಬಸ್ಸು ಹತ್ತಿಸಿದಳು. ಅಲ್ಲಿಂದಾಚೆ ಒಂದು ಹಟ್ಟಿಯಲ್ಲಿ ಮದ್ದು ತೆಗೆಯುವ ಮುದುಕಿ ಇದ್ದಳು. ನನ್ನ ಕಣ್ಣರೆಪ್ಪೆ ಬಿಡಿಸಿ ನೋಡಿ, ಯಾವುದೋ ಸೊಪ್ಪಿನ ಹಸಿರು ರಸ ಕುಡಿಸಿದಳು. ಕಹಿಗೆ ಕಣ್ಣು ಕತ್ತಲಿಟ್ಟಿತು. ಬೇಲಿಯ ಬುಡದಲ್ಲಿ ಕೂತು ಎಲ್ಲ ಕಾರಿಕೊಂಡೆ. ಅದರಲ್ಲಿ ಕಪ್ಪು ಕಣ್ಣಿನ ಲೋಳೆ ಕಾಳುಗಳು. ಮುದುಕಿ ಕಡ್ಡಿಯಲ್ಲಿ ಕೆದಕಿ, ಅಗೋ ಅಂದಳು. ಅಜ್ಜಿ ಅವನ್ನು ಬಾಳೆಎಲೆಯ ಚೂರಿಗೆ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು.

ಭಾನುವಾರವಾದ್ದರಿಂದ ಅಪ್ಪ, ಚಿಕ್ಕಪ್ಪ ಇಬ್ಬರೂ ಮನೆಯಲ್ಲಿದ್ದರು. ಅಜ್ಜಿ ಎಲೆಯನ್ನು ನಡುಮನೆಯಲ್ಲಿ ಬಿಚ್ಚಿಟ್ಟಳು.

"ಈ ಮಗೀನ್ ಒಟ್ಟೆ ಒಳೀಕೆ ಇದು ಎಂಗ್ ಬಂತು?"

ಚಿಕ್ಕಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಬಾಡಿದ ಮುಖ ನೋಡಿದಳು, ಅಜ್ಜಿಯನ್ನು ನೋಡಿದಳು, ಅರ್ಥವಾಯಿತು. ಎದ್ದು ಹೋಗಿ ಆ ಪೊಟ್ಟಣ ತಂದು, ಎಲ್ಲರ ಮುಂದೆ ಒಂದು ಚಮಚ ಕಾಳನ್ನು ನೀರಿನ ಲೋಟಕ್ಕೆ ಹಾಕಿದಳು. ನಾವೆಲ್ಲ ಲೋಟದ ಮೇಲೆ ಬಗ್ಗಿದೆವು. ಕಾಳುಗಳು ಒಂದೊಂದಾಗಿ ಉಬ್ಬಿ ಬೆಳ್ಳಗೆ ಲೋಳೆ ಕಟ್ಟಿದವು.

"ಕಾಮಕಸ್ತೂರಿ ಬೀಜ ಅತ್ತೆ. ನೀವು ದಿನಾ ಹೂವಿನ ಜೊತೆ ಕಟ್ತೀರಲ್ಲ, ಆ ಗಿಡದ್ದೇ."

ಅಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. ಚಿಕ್ಕಪ್ಪ ನಗಲಿಲ್ಲ. ಅಜ್ಜಿ ಲೋಟವನ್ನು ಚಿಕ್ಕಮ್ಮನ ಕಡೆ ತಳ್ಳಿದಳು.

"ಅಂಗಾರೆ ಮೊದ್ಲು ನೀನೇ ಕುಡಿ."

ಚಿಕ್ಕಮ್ಮ ನಿಂತಲ್ಲೇ ಕುಡಿದಳು. ಲೋಟ ತೊಳೆದು ಬೋರಲು ಹಾಕಿ ಕೋಣೆಗೆ ಹೋದಳು. ಚಿಕ್ಕಪ್ಪನೂ ಹಿಂದೆಯೇ ಹೋದ. ಅಮ್ಮ ನೆಲ ನೋಡುತ್ತ ಕೂತಿದ್ದಳು.

ಆ ಬೇಸಿಗೆಯಲ್ಲಿ ಮತ್ತೆ ಮಿಕ್ಸಿ ಸದ್ದು ಕೇಳಲಿಲ್ಲ. ನಾನು ಕೇಳಿದರೆ ಚಿಕ್ಕಮ್ಮ, ಹಣ್ಣಿಲ್ಲ ಕಣಮ್ಮಿ ಅನ್ನುತ್ತಿದ್ದಳು. ಬುಟ್ಟಿಯಲ್ಲಿ ಹಣ್ಣು ಕಾಣುತ್ತಿತ್ತು. ದಸರಾ ಹೊತ್ತಿಗೆ ಚಿಕ್ಕಪ್ಪ ಗುಂಡ್ಲುಪೇಟೆಯಲ್ಲಿ ಕೆಲಸ ನೋಡಿಕೊಂಡು ಬೇರೆ ಹೋದ. ವರ್ಷಗಳಾದ ಮೇಲೆ ಅಜ್ಜಿ, ಒಳ್ಳೇ ಎಣ್ಣು ಕಣಮ್ಮಿ ಅವ್ಳು ಅನ್ನುತ್ತಿದ್ದಳು. ಆದರೆ ಅವರ ಮನೆಗೆ ಹೋದಾಗ ನೀರನ್ನು ಮನೆಯಿಂದಲೇ ಒಯ್ಯುತ್ತಿದ್ದಳು.

ಈಗ ನನ್ನ ಮಗಳು ಇದನ್ನೇ ಸ್ಮೂಥಿ ಅನ್ನುತ್ತಾಳೆ. ಬೇಕಾದ ಹಣ್ಣೆಲ್ಲ ಸಿಗುತ್ತದೆ, ನಾನೂ ಮಾಡುತ್ತೇನೆ, ಆರೋಗ್ಯಕ್ಕೂ ಒಳ್ಳೆಯದೇ. ಮಗಳಿಗೆ ಅದರ ಮೂಲದ ರುಚಿ ತೋರಿಸೋಣವೆಂದು ಮೊನ್ನೆ ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿದ್ದೆ. ಕೂದಲು ಬೆಳ್ಳಗಾದ ಚಿಕ್ಕಮ್ಮ ಸಂಭ್ರಮದಿಂದ ಮಾಡಿದಳು. ಲೋಟಕ್ಕೆ ಬಗ್ಗಿಸಿದವಳು, ಮಗಳ ಕೈಗೆ ಕೊಡುವ ಮೊದಲು ತನ್ನ ಅಂಗೈಗೆ ಒಂದಿಷ್ಟು ಸುರಿದುಕೊಂಡು, ನನ್ನ ಕಣ್ಣೆದುರಿಗೆ ಕುಡಿದಳು. ಯಾರು ಬಂದರೂ ಹೀಗೇ ಮಾಡುತ್ತಾಳಂತೆ, ಚಿಕ್ಕಪ್ಪ ಮೆಲ್ಲಗೆ ಹೇಳಿದ. ಬಾಯಿ ಒರೆಸಿಕೊಂಡು ಅವಳು, "ಈಗ ಕುಡಿ ಕಂದ" ಅಂದಳು.