ಪಾಲಿಶ್ ಮೇಸ್ತ್ರಿಯ ತಕರಾರು ಅರ್ಜಿ

ಪಾಲಿಶ್ ಮೇಸ್ತ್ರಿ ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕುಡಿಯುತ್ತಿದ್ದ ಕಾಲದಲ್ಲಿ ಒಮ್ಮೆಯೂ ಸಿಕ್ಕಿಬೀಳದ ಆಸಾಮಿ, ಬಿಟ್ಟ ಮೇಲೆ ಸಿಕ್ಕಿಬಿದ್ದ. ಅದೂ ಮಟಮಟ ಮಧ್ಯಾಹ್ನ, ಪಾರ್ಕಿನ ಬೆಂಚಿನ ಮೇಲೆ. ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆ ಎಂದು ಬರೆದ ಚೀಟಿಯೊಂದು ಅವನ ಕೈಗೆ ಬಂತು.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಬಾಗಿಲು ಕಪಾಟುಗಳಿಗೆ ಹಚ್ಚುವ ಪಾಲಿಶ್ ಆಗುತ್ತದೆ. ಬಣ್ಣ ವಿಸ್ಕಿಯದೇ, ವಾಸನೆಯೂ ಹೆಚ್ಚುಕಡಿಮೆ ಅದೇ. ಅದನ್ನು ಮೇಸ್ತ್ರಿ ತುಂಬಿಡುತ್ತಿದ್ದದ್ದು ವಿಸ್ಕಿ ಬಾಟಲಿಯಲ್ಲಿ, ಅಷ್ಟು ಬಿಗಿಯಾದ ಮುಚ್ಚಳ ಬೇರೆ ಬಾಟಲಿಗೆ ಇರುವುದಿಲ್ಲವೆಂದು. ಖಾಲಿ ಬಾಟಲಿ ಕೊಡುತ್ತಿದ್ದವನು ಜೊತೆಯಲ್ಲಿ ಕೆಲಸ ಮಾಡುವ ಬಡಗಿ. ಖಾಲಿ ಮಾಡುವ ಕೆಲಸವನ್ನೂ ಅವನೇ ಬಲು ಶ್ರದ್ಧೆಯಿಂದ ಮಾಡುತ್ತಿದ್ದ. ಆ ದಿನ ಊಟದ ಬಿಡುವಿನಲ್ಲಿ ಮೇಸ್ತ್ರಿ ಬಾಟಲಿಯನ್ನು ಬಿಸಿಲಿಗೆ ಹಿಡಿದು, ಅರಗು ಕರಗಿದೆಯೇ ಎಂದು ನೋಡಿ, ಮುಚ್ಚಳ ತೆಗೆದು ಮೂಸಿದ. ಅಷ್ಟರಲ್ಲಿ ಪೊಲೀಸಿನವನು ಬಂದ.

"ಬೇಕಾದ್ರೆ ಬಾಯಿ ಊದಿಸಿ ನೋಡಿ ಸಾರ್."

ಪೊಲೀಸಿನವನು ಬಾಟಲಿಯನ್ನು ಚರಂಡಿಗೆ ಸುರಿದು ಚೀಟಿ ಹರಿದುಕೊಟ್ಟ. ಪಕ್ಕದಲ್ಲೇ ಬುತ್ತಿ ಬಿಚ್ಚುತ್ತಿದ್ದ ಬಡಗಿ ತುಟಿಪಿಟಕ್ಕೆನ್ನಲಿಲ್ಲ.

ಹದಿನೈದು ದಿನದೊಳಗೆ ದಂಡ ಕಟ್ಟಿ ತಪ್ಪೊಪ್ಪಿಕೊಳ್ಳಬೇಕು, ಇಲ್ಲವೇ ತಕರಾರು ಅರ್ಜಿ ಹಾಕಬೇಕು ಎಂದು ಚೀಟಿಯ ಬೆನ್ನಿಗೆ ಅಚ್ಚಾಗಿತ್ತು. ಮೇಸ್ತ್ರಿ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿ ಚೀಟಿ ತೋರಿಸಿದ. ಅವಳು ಓದಿ "ಹೂಂ" ಎಂದಳು. ಅಷ್ಟಕ್ಕೇ ಅವನಿಗೆ ಆನೆಬಲ ಬಂತು. ದಂಡ ದೊಡ್ಡದೇನಲ್ಲ. ಆದರೆ ಅವಳಿಗೆ ಮಾತು ಕೊಟ್ಟು ಬಿಟ್ಟ ಕುಡಿತವದು. ದಂಡ ಕಟ್ಟಿದರೆ ಆ ಮಾತು ಸುಳ್ಳೆಂದು ತಾನೇ ಸಹಿ ಹಾಕಿದಂತೆ.

ಮರುದಿನ ಬಡಗಿಯನ್ನು ಕೇಳಿದ.

"ಸಾಕ್ಷಿ ಹೇಳ್ತೀಯಾ?"

"ಕೋರ್ಟು ಕಚೇರಿ ಎಲ್ಲಾ ಯಾಕೋ? ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಕಟ್ಟಿ ಕೈ ತೊಳ್ಕೋ."

"ಬಾಟಲಿ ಕೊಟ್ಟಿದ್ದು ನೀನೇ ತಾನೆ?"

"ಅದನ್ನ ಅಲ್ಲಿ ಬಂದು ಹೇಳ್ಬೇಕಾ? ನನಗೂ ಹೆಂಡ್ತಿ ಮಕ್ಕಳಿದಾರಪ್ಪ. ನಾನು ಬುತ್ತಿ ನೋಡ್ತಿದ್ದೆ, ನಿನ್ನ ಬಾಯಿ ನೋಡ್ತಿರಲಿಲ್ಲ."

ಇಪ್ಪತ್ತು ವರ್ಷ ಅವನ ಉಳಿ ಜಾರಿದಲ್ಲೆಲ್ಲ ಮೇಣ ತುಂಬಿ, ಮಾಲೀಕರ ಕಣ್ಣಿಗೆ ಬೀಳದಂತೆ ಮಾಡಿದ್ದು ಮೇಸ್ತ್ರಿಯೇ. ಮೈಯೆಲ್ಲ ಉರಿಯಿತು. ಇವನ ಮುಖ ಇನ್ನು ನೋಡಬಾರದು ಅನ್ನಿಸಿತು, ಆದರೆ ಸಂಜೆಯವರೆಗೆ ಒಂದೇ ಕೋಣೆಯಲ್ಲಿ ಕೆಲಸವಿತ್ತು.

ನಾಲ್ಕು ದಿನ ಮೇಸ್ತ್ರಿ ಹಿಂದೆಮುಂದೆ ನೋಡಿದ. ಬಾಟಲಿ ಚರಂಡಿ ಪಾಲಾಗಿತ್ತು, ಬಡಗಿ ಕೈಕೊಟ್ಟಿದ್ದ. ಯಾರು ನಂಬುತ್ತಾರೆ? ಕೊನೆಗೆ ಅವನಿಗೊಂದು ಹೊಳೆಯಿತು. ಇವನು ಕುಡಿಯುವವನಲ್ಲ ಎಂದು ಹೇಳಲು ಮನೆಯಲ್ಲಿರುವವಳಿಗಿಂತ ದೊಡ್ಡ ಸಾಕ್ಷಿ ಯಾರು? ಅರ್ಜಿ ಬರೆದು, ಸಾಕ್ಷಿ ಎಂದಿದ್ದ ಕಡೆ ಹೆಂಡತಿಯ ಹೆಸರು ಹಾಕಿ, ಅರ್ಧ ದಿನ ರಜೆ ಮಾಡಿ ಕಚೇರಿಗೆ ಹೋದ.

ಕಿಟಕಿಯ ಗುಮಾಸ್ತ ಕಂಪ್ಯೂಟರ್ ನೋಡಿ, "ಇದು ಮುಗಿದಿದೆಯಲ್ಲ," ಎಂದ. "ನಿಮ್ಮ ಮನೆಯವರು ಮೊನ್ನೆ ಬಂದು ದಂಡ ಕಟ್ಟಿದ್ರು. ಕಟ್ಟಿದ ಮೇಲೆ ತಪ್ಪು ಒಪ್ಕೊಂಡ ಹಾಗೆ. ಇನ್ನು ತಕರಾರು ನಡೆಯಲ್ಲ."

ಮನೆಯಲ್ಲಿ ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಯಾಕೆ ಕಟ್ಟಿದೆ?"

"ನಾಲ್ಕು ಜನರ ಮುಂದೆ ನಿಂತು ನೀವು ಸುಳ್ಳು ಹೇಳೋದು ನನಗೆ ನೋಡಕ್ಕಾಗಲ್ಲ ರೀ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ಸಮಾಧಾನ ಹೇಳುವಂತೆ ಹೇಳಿದಳು.

"ನೀವು ಬಿಟ್ಟೆ ಅಂದ್ರಿ, ಆಯ್ತು ಅಂದೆ. ಹೊರಗೆ ಒಂಚೂರು ತಗೊಂಡ್ರೂ ಮನೇಲಿ ಗಲಾಟೆ ಇಲ್ಲವಲ್ಲ, ಅಷ್ಟು ಸಾಕು ಅಂದ್ಕೊಂಡೆ. ನಾನು ಯಾವತ್ತಾದ್ರೂ ಕೇಳಿದೀನಾ?"

ಕೇಳಿರಲಿಲ್ಲ. ಹನ್ನೊಂದು ವರ್ಷ ಅವನು ಅದನ್ನೇ ನಂಬಿಕೆ ಎಂದುಕೊಂಡಿದ್ದ. ಬಡಗಿಯ ಮೇಲೆ ಬಂದ ಸಿಟ್ಟಿಗಾದರೂ ಒಂದು ದಾರಿಯಿತ್ತು, ಇದಕ್ಕೆ ಯಾರನ್ನು ಬೈಯುವುದು?

"ಒಂದು ತೊಟ್ಟೂ ಮುಟ್ಟಿಲ್ಲ ಕಣೇ," ಎಂದ.

"ಆಯ್ತು ಬಿಡಿ," ಎಂದಳು ಅವಳು, "ಕೈಕಾಲು ತೊಳ್ಕೊಂಡು ಬನ್ನಿ, ಬಡಿಸ್ತೀನಿ."