ಅಡುಗೆಮನೆಯ ಬಂದೂಕಿನ ಕಿಂಡಿ

ವೀರಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕಿ ಸೌಟನ್ನು ಕೋಟೆಗೋಡೆಗೆ ನೇತುಹಾಕಿದರು. ಚಿತ್ರದುರ್ಗದ ಹಳೆಯ ಊರಿನಲ್ಲಿರುವ ಅವರ ಅಡುಗೆಮನೆಯಲ್ಲಿ ಕಟ್ಟಿಸಿದ ಗೋಡೆಗಳು ಮೂರೇ. ನಾಲ್ಕನೆಯದು ಪಾಳೆಯಗಾರರ ಕಾಲದ್ದು. ಅದರ ಕಲ್ಲುಸಂದಿಗೆ ಮೊಳೆ ಹೊಡೆದವರು ಅವರ ಮಾವ ಮುರುಗಪ್ಪ.

ಕೋಟೆ ದುರಸ್ತಿಗೆ ಬಂದಿದ್ದ ಗಾರೆ ಕೆಲಸದ ಓಬಯ್ಯ ಒಳಗೆ ಬಂದು, ಗೋಡೆಯ ನಡುವಿನ ಬೂದು ತೇಪೆಯನ್ನು ಬೆರಳಿನಿಂದ ತಟ್ಟಿದ.

"ಅಮ್ಮಾ, ಈ ಸಿಮೆಂಟು ಯಾವ ನಾಯಕರು ಹಾಕ್ಸಿದ್ದು?"

"ನಾನೇ ಕಣಪ್ಪ."

"ಹಂಗಾದ್ರೆ ಕೋಟೆ ಬೋರ್ಡಿನಾಗೆ ನಿಮ್ಮ ಹೆಸ್ರೂ ಬರೀಬೇಕಾತು. ಒಡೀತೀನಿ, ಪಾತ್ರೆ ಪಕ್ಕಕ್ಕಿಡ್ರಿ."

ವೀರಮ್ಮ ಪಾತ್ರೆಗಳನ್ನು ಎತ್ತಿಡುತ್ತಾ ಹೋದರು.

ದುರ್ಗ ಒಂದು ಕಾಲಕ್ಕೆ ಗಡಿಯ ಊರು. ಮೈಸೂರಿನ ದಂಡು, ಮರಾಠರ ದಂಡು ಎರಡಕ್ಕೂ ದಾರಿಯಲ್ಲಿ ಸಿಗುತ್ತಿತ್ತು. ಹೈದರನಿಗೆ ಕೋಟೆ ಸೋತ ಮೇಲೆ ಗಡಿ ಬೇರೆಡೆಗೆ ಸರಿಯಿತು, ಗೋಡೆ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಕಚೇರಿ, ಶಾಲೆ, ವ್ಯಾಪಾರ ಎಂದು ಹಳ್ಳಿಗಳಿಂದ ಬಂದವರು ಒಂದು ಗೋಡೆಯ ಖರ್ಚು ಉಳಿಯಿತೆಂದು ಕೋಟೆಗೆ ಒರಗಿಸಿ ಮನೆ ಕಟ್ಟಿಕೊಂಡರು. ಹೊಳಲ್ಕೆರೆ ಕಡೆಯ ಲಿಂಗಾಯತರಾದ ಮುರುಗಪ್ಪ ಗೋಡೆಯ ಒಳಮಗ್ಗುಲಿಗೆ ಕಟ್ಟಿದರು. ಹೊರಮಗ್ಗುಲಿಗೆ ತುರುವನೂರಿನ ಕುರುಬರ ಮನೆಯೊಂದು ಎದ್ದಿತು. ಆ ಮನೆಗೆ ಸೊಸೆಯಾಗಿ ಬಂದವರು ಮಲ್ಲಕ್ಕ.

ಎರಡು ಒಲೆಗಳ ನಡುವೆ ಬಂದೂಕಿನ ಕಿಂಡಿಯೊಂದಿತ್ತು. ಹೊರಗಿನಿಂದ ಏರಿ ಬಂದವರಿಗೆ ಗುಂಡು ಹೊಡೆಯಲು ಮಾಡಿದ್ದು. ಇಬ್ಬರೂ ತೋಳು ಚಾಚಿದರೆ ಬೆರಳಿಗೆ ಬೆರಳು ತಾಗುತ್ತಿತ್ತು. ಕೆಂಡ, ಉಪ್ಪು, ಹೆಪ್ಪಿನ ಮೊಸರು, ಅತ್ತೆಯರ ಮೇಲಿನ ದೂರು, ಎಲ್ಲವೂ ಅದರಲ್ಲೇ ಓಡಾಡಿದವು. ಊರಬಾಗಿಲು ಸುತ್ತಿ ಹೋಗುವ ಕೆಲಸವೇ ಇರಲಿಲ್ಲ.

ವೀರಮ್ಮನ ಮಗಳನ್ನು ನೋಡಲು ಸಿರಿಗೆರೆ ಕಡೆಯ ಗಂಡಿನವರು ಬರುವುದೆಂದಾಯಿತು. ಹಿಂದಿನ ಸಂಜೆ ವೀರಮ್ಮ ಕಿಂಡಿಯಲ್ಲಿ ಕೂಗಿ, ಹೋಳಿಗೆಗೆ ಎಮ್ಮೆ ತುಪ್ಪ ಬೇಕೆಂದರು. "ಕಾಸಿ ಕೊಡ್ತೀನಿ. ನಾಳೆ ನಮ್ಮನೇಲಿ ಬೇಳೆ ಸಾರು, ಹೆದರ್ಬ್ಯಾಡ," ಎಂದರು ಮಲ್ಲಕ್ಕ.

ಬೆಳಿಗ್ಗೆ ಮೊದಲೇ ಬಂದ ಮದುವೆ ದಲ್ಲಾಳಿ ಈರಬಸಪ್ಪ ಕಿಂಡಿಯನ್ನು ನೋಡಿದ. "ಇದ್ರಾಗಿಂದ ಬಾಡಿನ ವಾಸನೆ ಬಂತು ಅಂದ್ರೆ ಸಂಬಂಧ ಹೋತು ಅಂತ್ಲೇ ತಿಳ್ಕಳ್ರಿ." ಬೇಳೆ ಸಾರಿನ ಮಾತು ವೀರಮ್ಮನ ಬಾಯಿಗೆ ಬಂದಿತ್ತು, ಆಡಲಿಲ್ಲ. ಹಸಿಮಣ್ಣು ಕಲೆಸಿ ಕಿಂಡಿ ಮುಚ್ಚಿದರು.

ನೆಂಟರು ಎಲೆಯ ಮುಂದೆ ಕೂತಾಗ ಸದ್ದು ಬಂತು. ಹಿತ್ತಾಳೆ ಬಟ್ಟಲನ್ನು ಕಲ್ಲಿಗೆ ತಟ್ಟುವ ಸದ್ದು. ನಿಂತಿತು, ಮತ್ತೆ ಬಂತು. "ಏನದು?" ಎಂದು ಗಂಡಿನ ತಾಯಿ ಕೇಳಿದಾಗ ವೀರಮ್ಮ, "ಇಲಿ ಇರ್ಬೇಕು," ಎಂದರು.

ಸಂಬಂಧ ಕುದುರಿತು. ನೆಂಟರು ಹೋಗಿ ಬರುವಂತಾದ ಮೇಲೆ ಮಣ್ಣಿನ ಜಾಗಕ್ಕೆ ಸಿಮೆಂಟು ಬಂತು. ಮದುವೆಗೆ ಮಲ್ಲಕ್ಕ ಊರಬಾಗಿಲು ಸುತ್ತಿ ಬಂದು, ಮದುಮಗಳ ಮಡಿಲಿಗೆ ರವಿಕೆ ಕಣ ಇಟ್ಟು, ಉಂಡು ಹೋದರು. ಆಮೇಲೆ ಇಬ್ಬರೂ ಸಂತೆಯಲ್ಲಿ ಸಿಕ್ಕಾಗ "ಊಟ ಆತಾ" ಎಂದು ಕೇಳಿಕೊಂಡಿದ್ದುಂಟು. ಅದಕ್ಕಿಂತ ಹೆಚ್ಚು ಮಾತಿಲ್ಲ. ಆ ಮಗಳ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಸಿಮೆಂಟಿನ ಮೇಲೆ ವೀರಮ್ಮ ಇದುವರೆಗೆ ಒಂದು ಕ್ಯಾಲೆಂಡರನ್ನೂ ತೂಗುಹಾಕಿರಲಿಲ್ಲ.

ಈಗ ಕೋಟೆ ದುರಸ್ತಿಗೆಂದು ಗೋಡೆಯ ಹೊರಮಗ್ಗುಲಿನ ಮನೆಗಳು ತೆರವಾಗುತ್ತಿವೆ. ಮಲ್ಲಕ್ಕನ ಮನೆಯವರು ಮೆದೇಹಳ್ಳಿ ರಸ್ತೆಯಲ್ಲಿ ಮನೆ ಹಿಡಿದಿದ್ದಾರೆ.

ಓಬಯ್ಯನ ಚಾಣಕ್ಕೆ ತೇಪೆ ಬೇಗ ಸಡಿಲವಾಯಿತು. ಬೆಳಕಿನ ಪಟ್ಟಿಯೊಂದು ಒಲೆಯ ಮೇಲೆ ಬಿತ್ತು. ಆಚೆ ಸಾಮಾನು ಕಟ್ಟುತ್ತಿದ್ದವರು ಬಗ್ಗಿದರು.

"ಏನೇ ವೀರಮ್ಮ," ಮಲ್ಲಕ್ಕನ ದನಿ. "ನೆಂಟ್ರು ಹೋದ್ರಾ?"

ಓಬಯ್ಯ ನಕ್ಕ. ವೀರಮ್ಮ ಕಿಂಡಿಯ ಅಂಚು ಹಿಡಿದುಕೊಂಡರು.

"ಮಲ್ಲಕ್ಕ, ಅವತ್ತು ಬಟ್ಲು ಬಡಿದಿದ್ದು ನಂಗೆ ಕೇಳ್ಸಿತ್ತು."

"ನೀನು ಇಲಿ ಅಂದಿದ್ದೂ ನಂಗೆ ಕೇಳ್ಸಿತ್ತು ಬಿಡು. ಬರೀ ಮಣ್ಣು ತಾನೇ ಮೆತ್ತಿದ್ದು." ಮಲ್ಲಕ್ಕ ಕೇಳಿದರು: "ಹೋಳಿಗೆಗೆ ತುಪ್ಪ ಎಲ್ಲಿಂದ ತಂದೆ?"

"ಅಂಗ್ಡೀಲಿ."

"ಅಂಗ್ಡೀದಾ," ಎಂದು ಮಲ್ಲಕ್ಕ ಪಾತ್ರೆಗಳ ಕಡೆಗೆ ತಿರುಗಿದರು.

ಗುರುವಾರ ಮಲ್ಲಕ್ಕನ ಸಾಮಾನು ಲಗೇಜ್ ಆಟೋದಲ್ಲಿ ಮೆದೇಹಳ್ಳಿ ರಸ್ತೆಗೆ ಹೋಯಿತು. ಮರುದಿನ ಮನೆ ಕೆಡವಿದರು. ಹಾವು ಬಾರದಂತೆ ಓಬಯ್ಯ ಕಿಂಡಿಗೆ ಕಬ್ಬಿಣದ ಜಾಲರಿ ಕೂರಿಸಿದ.